ಪಲ್ಜಾ ಅಂದರೆ ಹಣೆಬರಹ

ಹಣೆಬರಹ ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಗಂಡ ಕೋವಿಡ್‌ನಲ್ಲಿ ಹೋದಾಗ ಊರಿಂದ ಫೋನ್ ಮಾಡಿದವರೆಲ್ಲ ಅದನ್ನೇ ಅಂದರು. ನಾನು ಫೋನ್ ಇಟ್ಟುಬಿಡುತ್ತಿದ್ದೆ.

ಆ ಚಳಿಗಾಲ ಮಗಳು ಅಟ್ಲಾಂಟಾದಿಂದ ಸೆಂಟರ್‌ವಿಲ್‌ನ ನಮ್ಮ ಮನೆಗೆ ಬಂದಿದ್ದಳು. ಒಬ್ಬಳೇ ಎಷ್ಟು ದಿನ ಇರುತ್ತಾಳೆ ಎಂದು ಅವಳಪ್ಪನೇ ಹಟ ಹಿಡಿದು ಕರೆಸಿಕೊಂಡಿದ್ದರು. ಅವಳಿಗೆ ಬರೀ ನೆಗಡಿಯಾಯಿತು. ಅವಳಿಂದ ಸೋಂಕು ತಗಲಿದ ಅವರು ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಅಟ್ಲಾಂಟಾಕ್ಕೆ ಮರಳಿದ ಮಗಳು ಮತ್ತೆ ಈ ಮನೆಯ ಹೊಸ್ತಿಲು ತುಳಿಯಲಿಲ್ಲ. ನಿನ್ನ ತಪ್ಪಲ್ಲ ಅಂದರೆ, ಮತ್ತೆ ಯಾರದ್ದು ಅನ್ನುತ್ತಿದ್ದಳು. ಗಂಡನ ಜೊತೆ ಮಗಳನ್ನೂ ಕಳೆದುಕೊಂಡೆ ಎಂದು ಒಬ್ಬಳೇ ಕೂತು ಅಳುತ್ತಿದ್ದೆ.

ಪಕ್ಕದ ಮನೆಯಲ್ಲಿ ಕೊರಿಯಾದ ಆಂಟಿ ಇದ್ದಾರೆ. ಒಂದು ನವೆಂಬರ್‌ನಲ್ಲಿ ಅವರು ವರ್ಷಕ್ಕಾಗುವಷ್ಟು ಕಿಮ್ಚಿ ಉಪ್ಪಿನಕಾಯಿ ಹಾಕುತ್ತಿದ್ದಾಗ, ಎಲೆಕೋಸಿಗೆ ಉಪ್ಪು ಸವರಿಕೊಡುತ್ತಾ ಮಗಳ ವಿಷಯ ಹೇಳಿಕೊಂಡೆ. "ಪಲ್ಜಾ," ಅಂದರು. ಹುಟ್ಟಿದ ಗಳಿಗೆಯಿಂದ ಬರುವ ಎಂಟು ಅಕ್ಷರವಂತೆ, ಬದುಕೆಲ್ಲ ಅದರಲ್ಲೇ ಇರುತ್ತದಂತೆ. ನನಗೆ ರೇಗಿತು. ಇಲ್ಲೂ ಇದೇ ರಾಗವೇ, ಕೊರಿಯಾದವರೂ ಎಲ್ಲವನ್ನೂ ವಿಧಿಯ ತಲೆಗೆ ಕಟ್ಟುವವರೇ ಎಂದು ಕೇಳಿಯೇಬಿಟ್ಟೆ.

ಆಂಟಿ ನಕ್ಕರು. ವಿಧಿಯನ್ನು ನಂಬಿದ್ದರೆ ಬೆಳಕು ಹರಿಯುವ ಮೊದಲೇ ಎದ್ದು ಅಂಗಡಿ ತೆರೆಯುತ್ತಿದ್ದೆನೇ, ಮಗನನ್ನು ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಅಟ್ಟುತ್ತಿದ್ದೆನೇ ಅಂದರು. ಆ ಮಗ ಈಗಿಲ್ಲ. ಇಂಥದೇ ನವೆಂಬರ್‌ನಲ್ಲಿ ಎಲೆಕೋಸು ಸಾಲದು ಎಂದು ಇವರೇ ಅವನನ್ನು ಅಂಗಡಿಗೆ ಕಳಿಸಿದ್ದರು. ದಾರಿಯಲ್ಲಿ ಅಪಘಾತವಾಯಿತು. ಅವತ್ತು ಇವರನ್ನು ಬೈಯಬಹುದಾಗಿದ್ದ ಗಂಡ, ಅದು ಅವನ ಪಲ್ಜಾ ಅಂದರಂತೆ.

"ಅವರು ನಂಬಿ ಹೇಳಲಿಲ್ಲ," ಅಂದರು ಆಂಟಿ. "ನಾನು ಬದುಕಲಿ ಅಂತ ಹೇಳಿದರು."

ಆ ಶನಿವಾರ ಎರಡೂ ಕ್ಯಾರೊಲೈನಾ ರಾಜ್ಯಗಳನ್ನು ದಾಟಿ ಅಟ್ಲಾಂಟಾಕ್ಕೆ ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಆ ಮಾತನ್ನು ಬಾಯಿಗೆ ರೂಢಿ ಮಾಡಿಕೊಂಡೆ. ಕಾರ್ಕೋಟಕ ವಿಷ ನುಂಗಿದಷ್ಟು ಕಷ್ಟವಾಯಿತು. ಮಗಳ ಅಡುಗೆಮನೆಯಲ್ಲಿ, ಚಪ್ಪಲಿಯನ್ನೂ ಬಿಡದೆ ಹೇಳಿದೆ.

"ಅದು ಅಪ್ಪನ ಹಣೆಬರಹ ಕಣೇ. ನೀನು ಬರದೇ ಇದ್ರೂ ಆಗ್ತಿತ್ತು."

"ಅಮ್ಮಾ, ಯು ಡೋಂಟ್ ಬಿಲೀವ್ ದಟ್."

"ನಂಬ್ತೀನಿ."

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಸುಳ್ಳು ಹೇಳಿದರೆ ಅವಳಿಗೆ ಚಿಕ್ಕಂದಿನಿಂದಲೂ ಗೊತ್ತಾಗುತ್ತದೆ. ಆದರೂ ಹತ್ತಿರ ಬಂದು ನನ್ನ ಭುಜಕ್ಕೆ ಹಣೆ ಒತ್ತಿದಳು. ಅಪ್ಪ ಹೋದಾಗಲೂ ಅಳದವಳು ಬಿಕ್ಕಿ ಬಿಕ್ಕಿ ಅತ್ತಳು.

"ಇನ್ನೊಂದ್ಸಲ ಹೇಳು," ಅಂದಳು.

ಹೇಳಿದೆ.