ಗಾಳಿ ಕೇಳದ ಕ್ಯಾರವಾನ್

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಕ್ಯಾರವಾನ್ ವರ್ಕ್‌ಶಾಪಿನಲ್ಲಿದ್ದೆ. ಚಳಿಗಾಲದಲ್ಲಿ ಕತಾರಿಗಳು ಆ ಗಾಲಿಮನೆಯನ್ನು ಕಾರಿಗೆ ಕಟ್ಟಿಕೊಂಡು ಮರುಭೂಮಿಗೆ ಹೋಗಿ ಬಿಡಾರ ಹೂಡುತ್ತಾರೆ. ಒಬ್ಬ ಮುದುಕರು ಹೊಸ ಕ್ಯಾರವಾನ್ ತಂದು, ಕಿಟಕಿಯಿಂದ ಮರಳು ನುಗ್ಗುತ್ತದೆ ಎಂದು ದೂರಿದರು. ವಾರಂಟಿಯಲ್ಲಿ ಕಿಟಕಿಯಂಚಿನ ರಬ್ಬರ್ ಬದಲಿಸಿ ಕೊಟ್ಟೆವು.

ಮುಂದಿನ ವಾರ ಮತ್ತೆ ಬಂದರು. "ಈಗ ಗಾಳಿಯ ಸದ್ದೇ ಇಲ್ಲ. ಡೇರೆಯಲ್ಲಿ ಹುಟ್ಟಿದವನಿಗೆ ನಿದ್ದೆ ಹೇಗೆ ಬರಬೇಕು? ಹಳೇ ರಬ್ಬರೇ ಹಾಕು," ಎಂದರು, ಅರ್ಧಂಬರ್ಧ ಹಿಂದಿಯಲ್ಲಿ.

"ಸರಿ ಇರುವುದನ್ನು ಕೆಡಿಸುವುದು ವಾರಂಟಿಯಲ್ಲಿ ಬರುವುದಿಲ್ಲ, ಹಾಜಿ."

"ನಿನ್ನ ಊರಲ್ಲಿ ಮಲಗಿದರೆ ಏನು ಕೇಳುತ್ತದೆ?"

"ಕಡಲು."

"ಇಲ್ಲಿ?"

ನಾನು ಹೋಗಿ ಹಳೇ ರಬ್ಬರ್ ಹುಡುಕಿ ತಂದೆ.

ಸಂಜೆ ಅಲ್ ಸದ್ದ್ ಬಡಾವಣೆಯ ನನ್ನ ರೂಮಿಗೆ ಹೋದವನೇ ಕಿಟಕಿ ತೆರೆದೆ. ಪಕ್ಕದವರ ಎಸಿ ಮಾತ್ರ ಗೊರಗುಟ್ಟುತ್ತಿತ್ತು. ಈ ದೂರನ್ನು ಯಾವ ಕಂಪನಿಗೆ ಕಳಿಸುವುದು?