ಚಾಂದಬೀಯ ಫೋನು ಮತ್ತು ಶಹನಾಜಬೇಗಂ ಮೇಡಂ

ಗಂಗಾವತಿಯ ನಮ್ಮ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ವಿಭಾಗವೆಂದರೆ ಶಹನಾಜಬೇಗಂ ಮೇಡಂ ಎಂದೇ ಮೂರು ದಶಕಗಳಿಂದ ಲೆಕ್ಕ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದ ಎಷ್ಟೋ ಮಕ್ಕಳಿಗೆ ಯಂತ್ರದ ಹೊಟ್ಟೆಯೊಳಗೇನಿದೆ ಎಂದು ಬಿಚ್ಚಿ ತೋರಿಸಿದವರು ಅವರು. ಹೊಗಳಿಕೆ ಅವರಿಗೆ ಹಿಡಿಸದು. ನನಗೂ ಹೊಗಳಲು ಸರಿಯಾಗಿ ಬಾರದು. ಆದ್ದರಿಂದ ಸಹೋದ್ಯೋಗಿಯಾಗಿ ಹತ್ತಿರದಿಂದ ಕಂಡ ಒಂದೇ ಪ್ರಸಂಗವನ್ನು ಇಲ್ಲಿ ದಾಖಲಿಸುತ್ತೇನೆ.

ನಮ್ಮ ಕ್ಯಾಂಟೀನು ನಡೆಸುವ ಚಾಂದಬೀಯವರ ಮೊಮ್ಮಗಳು ಮುಸ್ಕಾನ ಕಿವಿ ಕೇಳದ ಹುಡುಗಿ. ದೂರದ ವಸತಿಶಾಲೆಯಲ್ಲಿ ಓದುತ್ತಾಳೆ. ಸಂಜೆ ವಿಡಿಯೋ ಕರೆಯಲ್ಲಿ ಅಜ್ಜಿ, ಮೊಮ್ಮಗಳು ಕೈಸನ್ನೆಯಲ್ಲೇ ಮಾತಾಡುವರು. ಹೋದ ವರ್ಷ ಫೋನಿನ ಆಂಡ್ರಾಯ್ಡ್ ಹಳೆಯದಾಯಿತೆಂದು ಆ ಕರೆಯ ಆ್ಯಪ್ ನಿಂತೇಹೋಯಿತು. ಫೋನ್ ಕಂಪನಿ ಹೊಸ ಆವೃತ್ತಿ ಕೊಡಲಿಲ್ಲ. ಉತ್ಸಾಹಿ ವಿದ್ಯಾರ್ಥಿಗಳು ಇಂಟರ್ನೆಟ್ಟಿನಲ್ಲಿ ಸಿಕ್ಕ ಹೊಸ ಆಂಡ್ರಾಯ್ಡನ್ನು ತಾವೇ ತುಂಬಿದರು. ಆ್ಯಪ್ ತೆರೆಯಿತು, ಮುಸ್ಕಾನ ಕಂಡಳು. ಅವಳಿಗೆ ಮಾತ್ರ ಅಜ್ಜಿಯ ಬದಲು ಕಪ್ಪು ಪರದೆ ಕಂಡಿತು. ಹುಡುಗಿ ಅಳತೊಡಗಿದಳು. ಹೊಸ ಫೋನ್ ಕೊಡಿಸುತ್ತೇವೆ ಎಂದ ನಮ್ಮನ್ನು ಚಾಂದಬೀ ಗದರಿದರು: "ಕ್ಯಾಮೆರಾ ಒಡದಿಲ್ಲ, ಏನಿಲ್ಲ. ಯಾಕ ಒಗೀಲಿ?"

ನ್ಯಾಯವಾದ ಪ್ರಶ್ನೆ. ಮೇಡಂ ಚಾಂದಬೀಯ ಪಕ್ಕ ಕೂತು, ಚಿಕ್ಕಮ್ಮನನ್ನು ಕರೆದಂತೆ ಕರೆದು ಹೇಳಿದರು: "ಖಾಲಾ, ರೈಸ್‌ಮಿಲ್ಲಿಗೆ ಹೊಸ ಮಾಲಕ ಬಂದಾನ ಅಂತ ತಿಳೀರಿ. ಮಷೀನ ಗಟ್ಟಿ ಐತಿ, ಆದ್ರ ಅದನ್ನ ನಡಸೋದು ಹಳೇ ಫಿಟ್ಟರಗಷ್ಟ ಗೊತ್ತು. ಅಂವ ಹೊಸಬನ ಕೂಡ ದುಡಿಯಂಗಿಲ್ಲ ಅಂದ್ರ ಮಷೀನ ಸುಮ್ನ ನಿಲ್ಲತೈತಿ."

ಹೊಸ ಮಾಲಕನೆಂದರೆ ಹೊಸ ಆಂಡ್ರಾಯ್ಡ್, ಆ ಫಿಟ್ಟರನ ಹೆಸರು ಡ್ರೈವರ್. ಕ್ಯಾಮೆರಾ, ಧ್ವನಿ, ಸಿಗ್ನಲ್ ಒಂದೊಂದಕ್ಕೂ ಒಂದೊಂದು ಪುಟ್ಟ ತಂತ್ರಾಂಶ. ಅದನ್ನು ಹೊಸ ಆಂಡ್ರಾಯ್ಡಿಗೆ ಹೊಂದಿಸಬೇಕಾದವರು ಚಿಪ್ ತಯಾರಕರು. ಹಳೆಯ ಚಿಪ್ಪಿಗೆ ಅವರು ಕೈಹಚ್ಚದಿದ್ದರೆ ಫೋನ್ ಕಂಪನಿಗೂ ದಾರಿಯಿಲ್ಲ. ಮೇಡಂ ಆ ತಯಾರಕರಿಗೆ ಬರೆದರು. ಉತ್ತರ ಬರಲಿಲ್ಲ. "ನನ್ನಿಂದ ಆಗಂಗಿಲ್ಲ, ಖಾಲಾ" ಎಂದು ಒಪ್ಪಿಕೊಂಡರು.

ಮರುದಿನ ಸಂಜೆ ಐದಕ್ಕೆ ತಮ್ಮದೇ ಫೋನನ್ನು ಕ್ಯಾಂಟೀನಿನ ಚಹಾಪುಡಿ ಡಬ್ಬಿಗೆ ಒರಗಿಸಿಟ್ಟು, ಮುಸ್ಕಾನಳಿಗೆ ಕರೆ ಹಚ್ಚಿ ಕೂತರು. ಹೊಸ ಫೋನ್ ಒಲ್ಲೆನೆಂದ ಚಾಂದಬೀ, ಮೇಡಂ ಹೀಗೆ ಜೊತೆಗೆ ಕೂರುವುದನ್ನು ಬೇಡವೆನ್ನಲಿಲ್ಲ. ದಿನವೂ ಹಾಗೇ ನಡೆಯಿತು. ನೋಡನೋಡುತ್ತ ಕೈಸನ್ನೆ ಮೇಡಂಗೂ ಬಂತು. ನನಗೆ ಆಗ ಹೊಟ್ಟೆಕಿಚ್ಚಾದದ್ದು ನಿಜ.

ಮೇಡಂ ನಿವೃತ್ತರಾದಾಗ ಬೀಳ್ಕೊಡುಗೆಯಂದು ನಾವು ಚಪ್ಪಾಳೆ ತಟ್ಟಿದೆವು. ಚಾಂದಬೀ ಮಾತ್ರ ಕೈಕಟ್ಟಿ ನಿಂತಿದ್ದರು. "ಇನ್ನ ಸಂಜಿ ಹೆಂಗ್ರಿ, ಮೇಡಮ್ಮೋರ?"

"ಐದಕ್ಕ ಬರ್ತೀನಿ. ಚಹಾ ಇಡ್ರಿ."

ಮೇಡಂ ಅವರ ಫೋನಿನ ಆಯಸ್ಸು ಎಷ್ಟೆಂದು ನಾನು ಅವರನ್ನೇ ಕೇಳಿದೆ. "ಎರಡ ವರ್ಷ ನಡೀಬಹುದ್ರಿ. ಆಮ್ಯಾಲ ಇದಕ್ಕೂ ಡ್ರೈವರ್ ಬರಂಗಿಲ್ಲ" ಎಂದರು. ಅಷ್ಟರಲ್ಲಿ ಮುಸ್ಕಾನ ಓದು ಮುಗಿಸಿ ಬಂದು ಅಜ್ಜಿಯ ಎದುರೇ ಕೂತು ಮಾತಾಡುವಂತಾಗಲಿ. ಮೇಡಂ ನೂರು ಕಾಲ ಬಾಳಿ, ಅವರಿಬ್ಬರ ನಡುವೆ ಕೂತು ಚಹಾ ಕುಡಿಯುವಂತಾಗಲಿ.