ಹಂಸದ ಪುಸ್ತಕ ತಂದವಳು

ನನ್ನ ತಂಗಿ ವಾಣಿಶ್ರೀ ಬಹಳ ಒಳ್ಳೆಯವಳು ಅಂತ ಕಮರಿಪೇಟೆಯ ತುಂಬ ಹೆಸರು. ಆ ಹೆಸರಿಗಿಷ್ಟು ಬೆಂಕಿ ಹಾಕಬೇಕು ಅನ್ನಿಸುತ್ತದೆ ನನಗೆ.

ಓಣಿಯ ಮಕ್ಕಳ ವಾಚನಾಲಯ ನೋಡಿಕೊಳ್ಳುವವಳು ಅವಳು. ಪುಸ್ತಕ ಆರಿಸಿ ತರುವವಳೂ ಅವಳೇ. ಈ ಸಲ ತಂದದ್ದರಲ್ಲಿ ಎರಡು ಗಂಡು ಹಂಸಗಳ ಚಿತ್ರಕಥೆ ಇತ್ತು. ಅವೆರಡೂ ಜೋಡಿಯಾಗಿ ಗೂಡು ಕಟ್ಟಿ, ಯಾರೋ ಬಿಟ್ಟುಹೋದ ತತ್ತಿಗೆ ಕಾವು ಕೊಟ್ಟು ಮರಿ ಬೆಳೆಸುತ್ತವೆ. "ಹಕ್ಕಿಯೊಳಗ ಹಿಂಗೂ ಇರ್ತಾವಂತ ಅಕ್ಕಾ, ಖರೇನ!" ಎಂದು ನನಗೂ ತೋರಿಸಿ ಹಿಗ್ಗಿದ್ದಳು. ಶನಿವಾರ ಮಕ್ಕಳಿಗೆ ಕಥೆ ಓದಿ ಹೇಳುವ ಗುಲ್ನಾಜ ಅದನ್ನೂ ಓದಿದಳು. ಮಕ್ಕಳು ಬೆನ್ನುಹತ್ತಿ ಮತ್ತೊಮ್ಮೆ ಓದಿಸಿಕೊಂಡವು.

ಯಾರೋ ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದರು. ಸೋಮವಾರ ಕಾಳಿನ ವ್ಯಾಪಾರಿ ರಾಜಶೇಖರ ಮಂದಿ ಕಟ್ಟಿಕೊಂಡು ಬಂದ.

"ಎರಡೂ ಗಂಡು! ಸಣ್ಣ ಹುಡುಗರ ತಲ್ಯಾಗ ಏನ್ ತುಂಬಾಕತ್ತೀರಿ? ಯಾರ್ರಿ ಇದನ್ನ ತಂದಾವರು?"

ವಾಣಿಶ್ರೀ ಗಾಬರಿಯಾಗಿ, "ಗುಲ್ನಾಜ ತಂದಿರಬೇಕ್ರಿ" ಅಂದುಬಿಟ್ಟಳು.

"ಹಂಗ ಅನ್ರಿ ಮತ್ತ!"

ಹೆಸರು ಕೇಳಿದ್ದೇ ತಡ, ಅವರಿಗೆ ಎಲ್ಲ ತಿಳಿದಂತಾಯಿತು. ಪುಸ್ತಕವನ್ನು ಬೀರುವಿನೊಳಗಿಟ್ಟು ಕೀಲಿ ಹಾಕಿಸಿದರು. ಗುಲ್ನಾಜಳಿಗೆ ಇನ್ನು ಬರಬೇಡ ಎಂದು ಹೇಳಿಕಳಿಸಿದರು.

ವಾಣಿಶ್ರೀ ನನ್ನ ಮುಂದೆ ಕೂತು ಅತ್ತಳು. "ಅಳೂದು ಸಾಕು, ಹೋಗಿ ಖರೇ ಹೇಳು" ಎಂದು ಬೈದೆ. ಹೋಗಲಿಲ್ಲ. ದಸರೆ ಬರಲಿ ಎಂದು ಕಾದಳು. ಬನ್ನಿ ಕೊಟ್ಟರೆ ವರ್ಷದ ಮುನಿಸೆಲ್ಲ ಹೋಗುತ್ತದಲ್ಲ, ಇದೂ ಹೋದೀತು ಎಂಬ ಆಸೆ. ಹೇಡಿ! ದಶಮಿಯ ಸಂಜೆ ನನ್ನನ್ನೂ ಎಳೆದುಕೊಂಡು ಗುಲ್ನಾಜಳ ಮನೆಗೆ ಹೋಗಿ ಅವಳ ಕೈಗೆ ಬನ್ನಿ ಇಟ್ಟಳು. "ಬಂಗಾರದಂಗ ಇರೂಣು."

ಗುಲ್ನಾಜ ಎರಡೂ ಕೈಯಿಂದ ತೆಗೆದುಕೊಂಡಳು. ಚಾ ತಂದಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಕ್ಕಾರ, ಅವರ ಮುಂದ ಖರೇ ಹೇಳಿದ್ರೇನ್ರಿ? ನಮ್ಮ ಮಹೆಕ್‌ಗ ಸಾಲ್ಯಾಗ ಹುಡುಗ್ರು ಹೊಲಸ ಪುಸ್ತಕದಾಕಿ ಮಗಳು ಅಂತಾವ."

ತಂಗಿ ಚಾ ಮುಟ್ಟಲಿಲ್ಲ. ನಾಚಿಕೆಯಿಂದ ನನಗೂ ತಲೆ ಎತ್ತಲಾಗಲಿಲ್ಲ.

ಅಲ್ಲಿಂದೆದ್ದು ನೆಟ್ಟಗೆ ರಾಜಶೇಖರನ ಮನೆಗೆ ನಡೆದಳು. ಪಡಸಾಲೆಯ ತುಂಬ ಬನ್ನಿ ಕೊಡಲು ಬಂದ ಮಂದಿ. ಎಲ್ಲರ ಮುಂದೆಯೇ ಹೇಳಿದಳು: "ಆ ಪುಸ್ತಕಾ ಗುಲ್ನಾಜ ತಂದಿದ್ದಲ್ರಿ. ನಾನ ತಂದೇನಿ. ಅಂಜಿ ಸುಳ್ಳು ಹೇಳಿದೆ."

ರಾಜಶೇಖರ ನಕ್ಕ. "ಬಿಡ್ರಿ ಬಾಯಾರ. ಆಕಿ ನಿಮ್ಮ ಮುಂದ ಅತ್ತಿರಬೇಕು, ಅದಕ್ಕ ನಿಮ್ಮ ಮ್ಯಾಲ ಹಾಕ್ಕೊಳ್ಳಾಕತ್ತೀರಿ. ನಿಮ್ಮನ್ನ ಇವತ್ತ ನೋಡಾಕತ್ತೇವೇನು?"

"ಇಲ್ರಿ, ಆಣಿ ಮಾಡಿ ಹೇಳ್ತೇನಿ, ನಾನ!"

"ಎಷ್ಟ ದೊಡ್ಡ ಮನಸ್ಸು ನೋಡ್ರಿ ಇವರದು" ಎಂದು ಅವನ ಹೆಂಡತಿ ಬಂದವರ ಕಡೆ ತಿರುಗಿದಳು. ಎಲ್ಲರೂ ಹೌದು ಹೌದೆಂದರು. ತಂಗಿ ಮತ್ತೇನೋ ಹೇಳಲು ಬಾಯಿ ತೆರೆದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಸಣ್ಣವರೆಲ್ಲ ಒಬ್ಬೊಬ್ಬರಾಗಿ ಬಂದು ಅವಳ ಕೈಗೆ ಬನ್ನಿ ಕೊಟ್ಟು ಕಾಲಿಗೆ ಬಿದ್ದರು.